ಮೂರು ದಿನ, ಮೂರು ಗುಂಡು, ಒಂದು ಕಾವಲು

ವಿಯೆಟ್ನಾಂ ಪ್ರವಾಸದ ಜಾಹೀರಾತು ಈಗ ತಾಲ್ಲೂಕು ಕೇಂದ್ರಗಳ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದು ಮುಟ್ಟಿದೆ. ಹನೋಯಿಯಲ್ಲಿ ಎರಡು ರಾತ್ರಿ, ಹಾ ಲಾಂಗ್ ಕೊಲ್ಲಿಯಲ್ಲಿ ಹಡಗಿನ ವಾಸ, ಹ್ವೇ ಪಟ್ಟಣದ ಅರಮನೆ, ಹೊಯ್ ಆನ್‌ನ ಬಣ್ಣದ ದೀಪಗಳ ಬೀದಿ, ಕೊನೆಗೆ ಹೋ ಚಿ ಮಿನ್ ನಗರದ ಬಳಿಯ ಕು ಚಿ ಸುರಂಗ. ಊಟ ಪೂರ್ತಿ ಸಸ್ಯಾಹಾರ, ತಿಂಡಿ ಹೋಟೆಲಿನಲ್ಲೇ. ಬಿಡುವು, ದುಡ್ಡು ಎರಡೂ ಇದ್ದವರು ಹೋಗಿ ಬರಲಿ. ನೋಡಬೇಕಾದ ದೇಶವೇ. ಅದರಲ್ಲೂ ಮಧ್ಯ ವಿಯೆಟ್ನಾಂನ ಮೀ ಸನ್ ಕಣಿವೆಯನ್ನು ಯಾರೂ ತಪ್ಪಿಸಿಕೊಳ್ಳಬಾರದು. ನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ ಚಂಪಾದ ಅರಸ ಭದ್ರವರ್ಮ ಅಲ್ಲಿ ಭದ್ರೇಶ್ವರನೆಂಬ ಹೆಸರಿನಲ್ಲಿ ಶಿವನನ್ನು ನಿಲ್ಲಿಸಿದ. ಆಮೇಲೆ ಸಾವಿರ ವರ್ಷ ಆ ಕಣಿವೆಯಲ್ಲಿ ಇಟ್ಟಿಗೆಯ ಗುಡಿಗಳು ಏಳುತ್ತಲೇ ಹೋದವು. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಹಲವು ಗುಡಿಗಳು ಕುಸಿದವು. 1999ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕುಸಿದದ್ದನ್ನು ಎತ್ತಿ ಕಟ್ಟಲು ಹೋದ ತಂಡಗಳಲ್ಲಿ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದೂ ಒಂದು. 2020ರಲ್ಲಿ ಮಣ್ಣು ಬಿಡಿಸುವಾಗ ಒಂಬತ್ತನೇ ಶತಮಾನದ ಮರಳುಗಲ್ಲಿನ ಶಿವಲಿಂಗವೊಂದು ಅವರಿಗೆ ಇಡಿಯಾಗಿ ಸಿಕ್ಕಿ ಸುದ್ದಿಯಾಯಿತು.

ಅದೇ ಇಲಾಖೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಭದ್ರವರ್ಮನಿಗಿಂತ ಆರೇಳು ನೂರು ವರ್ಷ ಹಿಂದಿನ ಬರಹವೊಂದನ್ನು ಚಾವಣಿ ಹಾಕಿ ಕಾಯುತ್ತಿದೆ. ಅಲ್ಲಿಗೆ ಮಾತ್ರ ಯಾರೂ ಪ್ಯಾಕೇಜ್ ಟೂರ್ ಹೊರಡಿಸುವುದಿಲ್ಲ.

ಕಾರಣ ಊಹಿಸಲು ಕಷ್ಟವಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ಬರ, ಬಿಸಿಲು, ಶೇಂಗಾ. ಫೋಟೊಕ್ಕೆ ಒದಗುವ ಗೋಪುರಗಳಿಲ್ಲ. ಕೋಟೆ ನೋಡುವವರು ದುರ್ಗಕ್ಕೆ, ದೇಗುಲ ನೋಡುವವರು ಹಂಪಿಗೆ ಹೋಗುತ್ತಾರೆ, ನಡುವಿನ ಈ ನೆಲವನ್ನು ಬಸ್ಸಿನ ಕಿಟಕಿಯಲ್ಲಿ ದಾಟುತ್ತಾರೆ. ವಿದೇಶ ಪ್ರವಾಸಕ್ಕೆ ಮಾಡಿಕೊಳ್ಳುವ ತಯಾರಿಯಲ್ಲಿ ಅರ್ಧದಷ್ಟು ಮಾಡಿಕೊಂಡು ಮೂರು ದಿನ ಇಲ್ಲಿ ಓಡಾಡಿದರೆ ಒಂದು ಸಂಗತಿ ತಾನಾಗಿ ಕಾಣಿಸುತ್ತದೆ. ಇದು ದನ, ಕುರಿ ಕಾಯುವವರ ನಾಡು. ದೂರದ ರಾಜಧಾನಿಗಳು ಈ ನೆಲವನ್ನು ಹುಡುಕಿಕೊಂಡು ಮತ್ತೆ ಮತ್ತೆ ಬಂದಿವೆ. ಮೊದಲು ಪಾಟಲಿಪುತ್ರ, ಆಮೇಲೆ ಶ್ರೀರಂಗಪಟ್ಟಣ, ಈಗ ದಿಲ್ಲಿ. ಪ್ರತಿಯೊಂದೂ ತನ್ನ ಗುರುತು ಹಾಕಿದೆ, ಕಾಯುವವರು ಆ ಗುರುತಿನ ಪಕ್ಕದಲ್ಲೇ ಮಂದೆ ಹೊಡೆದುಕೊಂಡು ನಡೆದಿದ್ದಾರೆ.

ಉಳಿದುಕೊಳ್ಳಲು ಚಳ್ಳಕೆರೆಯೇ ಸಲೀಸು. ಚಿಕ್ಕಜಾಜೂರಿನಿಂದ ರಾಯದುರ್ಗ, ಬಳ್ಳಾರಿ ಕಡೆಗೆ ಹೋಗುವ ರೈಲು ಇಲ್ಲಿ ನಿಲ್ಲುತ್ತದೆ. ಬೆಂಗಳೂರು–ಬಳ್ಳಾರಿ ಬಸ್ಸುಗಳಿಗಂತೂ ಬರವಿಲ್ಲ. ಎಣ್ಣೆ ಗಿರಣಿಗಳು ಭರ್ಜರಿಯಾಗಿ ನಡೆಯುತ್ತಿದ್ದ ಕಾಲದಲ್ಲಿ ಊರಿನವರು ಇದನ್ನು ಎರಡನೇ ಮುಂಬೈ ಎಂದು ಕರೆದುಕೊಂಡರು. ಆ ಹೆಮ್ಮೆ ಇನ್ನೂ ಪೂರ್ತಿ ಇಳಿದಿಲ್ಲ. ಸಂಜೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಬೇಗ ಮಲಗುವುದು ಒಳ್ಳೆಯದು. ಈ ಸೀಮೆಯಲ್ಲಿ ನೋಡುವುದೇನಿದ್ದರೂ ಬೆಳಿಗ್ಗೆ ಹತ್ತರೊಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ.

ಮೊದಲ ದಿನ ಉಳ್ಳಾರ್ತಿ ಕಾವಲಿನ ದಿಕ್ಕಿಗೆ. ಇಲ್ಲಿ ಇಳಿದು ನೋಡುವಂಥ ಸ್ಥಳ ಯಾವುದೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ರಸ್ತೆಯ ಮೇಲಿಂದ ಬೇಲಿ, ಕಾಂಪೌಂಡು, ಅದರಾಚೆ ಹುಲ್ಲು ಕಾಣುತ್ತದೆ, ಅಷ್ಟೇ. ಆದರೆ ಆ ಹುಲ್ಲಿಗೆ ಚರಿತ್ರೆ ಇದೆ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಇಲಾಖೆಯಿತ್ತು, ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರನ ಕಾಲಕ್ಕೆ ಆ ದನಗಳಿಗೆ ಬೇರೆ ಕೆಲಸ ಬಿತ್ತು. ಪಾಳೆಯಗಾರರನ್ನು ಸೋಲಿಸಿದಾಗ ಅವರ ಹಳ್ಳಿಕಾರ್ ತಳಿಯ ಮಂದೆಗಳೂ ಅವನ ಕೈಸೇರಿದವು, ಎತ್ತುಗಳು ತೋಪಿನ ಗಾಡಿಗೆ ಹೂಡಲ್ಪಟ್ಟವು. ಚಿದಂಬರಂ ಉಳಿಸಿಕೊಳ್ಳಲು ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಹೋದದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಗೆಜೆಟಿಯರ್ ಬರೆಯುತ್ತದೆ. ಟಿಪ್ಪು ಇಲಾಖೆಗೆ ಅಮೃತ್ ಮಹಲ್ ಎಂದು ಹೆಸರಿಟ್ಟು, ಮಂದೆ ಸಾಕುವ ಕಟ್ಟಳೆಗಳನ್ನು ಬರೆಸಿದ. 1799ರಲ್ಲಿ ಅವನು ಬಿದ್ದ ಮೇಲೆ ಇಂಗ್ಲಿಷರು ಕೋಟೆಯ ಜೊತೆಗೆ ಮಂದೆಯನ್ನೂ ವಶಪಡಿಸಿಕೊಂಡರು.

ಆ ಮಂದೆಗಳಿಗಾಗಿ ಮೀಸಲಿಟ್ಟ ಗೋಮಾಳಗಳೇ ಕಾವಲುಗಳು. ಬೇಸಿಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ಹುಲ್ಲು, ನೀರು ಎಲ್ಲಿ ಯಾವಾಗ ಸಿಗುತ್ತದೋ ಅದರಂತೆ ದನಗಳು ಊರಿಂದೂರಿಗೆ ತಿರುಗುತ್ತಿದ್ದವು. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಬೀಳುವ ನೆಲವನ್ನು ಹೀಗಲ್ಲದೆ ಬೇರೆ ರೀತಿಯಲ್ಲಿ ಬಳಸುವುದು ಕಷ್ಟ. ಸರ್ಕಾರಿ ಮಂದೆ ಕ್ರಮೇಣ ಕರಗಿತು, ಹುಲ್ಲು ಉಳಿಯಿತು. ಸುತ್ತಲಿನ ಹಳ್ಳಿಗಳ ಕುರಿ, ದನ ಅಲ್ಲಿ ಮೇಯ್ದವು. ಕೃಷ್ಣಮೃಗ ಉಳಿದುಕೊಂಡಿತು, ಅದರ ಹಿಂದೆ ತೋಳವೂ. ಚಳ್ಳಕೆರೆಯ ಕಂಬಳಿ ಹುಟ್ಟಿದ್ದು ಇದೇ ಹುಲ್ಲಿನಿಂದ ಎನ್ನಬಹುದು. ಇಲ್ಲಿಯ ಕರಿಕುರಿಯ ಉಣ್ಣೆಯನ್ನು ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಗುಣಿ ಮಗ್ಗದಲ್ಲಿ ನೇಯ್ದ ಕಂಬಳಿ ಅದು. ಮೈಗೆ ಚುಚ್ಚುತ್ತದೆ ನಿಜ, ಆದರೆ ಮಳೆಯಲ್ಲಿ ಕುರಿ ಕಾಯುವವನಿಗೆ ಅದರಷ್ಟು ನಂಬಿಗಸ್ತ ಹೊದಿಕೆ ಇನ್ನೊಂದಿಲ್ಲ.

2009–10ರ ಹೊತ್ತಿಗೆ ದಿಲ್ಲಿ ಬಂತು. ವರವು ಕಾವಲು, ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಇಸ್ರೊಗೆ 573 ಎಕರೆ ಕೊಡಲಾಯಿತು. ಭಾಭಾ ಕೇಂದ್ರದ ಪಾಲಿನ ಬಹುಭಾಗ ಉಳ್ಳಾರ್ತಿಯದು. ಕಾವಲು ಕೈಬಿಟ್ಟ ಸಂಗತಿ ಹಲವು ಹಳ್ಳಿಗಳಿಗೆ ತಿಳಿದದ್ದು ಬೇಲಿ, ಗೋಡೆ ಎದ್ದ ಮೇಲೆ. ಪ್ರಕರಣ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪೀಠದವರೆಗೆ ಹೋಯಿತು. 2014ರ ತೀರ್ಪಿನ ಬಳಿಕ ಕಾಮಗಾರಿಗಳು ಮುಂದುವರಿದವು.

ಇದರ ಲಾಭನಷ್ಟ ತೂಗಿ ನೋಡುವಾಗ ಎರಡೂ ತಟ್ಟೆಯಲ್ಲಿ ಗಟ್ಟಿ ತೂಕವೇ ಇದೆ. 2017ರ ಮೇ ತಿಂಗಳಲ್ಲಿ ಇಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಅದರ ರನ್‌ವೇ ಮೇಲೆ ಇಸ್ರೊದ ಮರುಬಳಕೆಯ ರೆಕ್ಕೆಯ ವಾಹನ ಮೂರು ಸಲ ತಾನಾಗಿಯೇ ಇಳಿಯಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, ಅದೇ ವರ್ಷದ ಜೂನ್ 23. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ದಾರಿ ತಾನೇ ಸರಿಪಡಿಸಿಕೊಂಡು ಬಂದು ಗಾಲಿಯ ಮೇಲೆ ನಿಂತಿತು. ವಿಜ್ಞಾನ ಸಂಸ್ಥೆಯ ಕುದಾಪುರದ ಆವರಣದಲ್ಲಿ ಶಾಲಾ ಕಾಲೇಜು ಶಿಕ್ಷಕರಿಗೆ ತರಬೇತಿ ನಡೆಯುತ್ತದೆ, ಒಳ್ಳೆಯ ಕೆಲಸ. ಆದರೂ ಹುಲ್ಲುಗಾವಲನ್ನು ‘ಖಾಲಿ ಜಾಗ’ ಎಂದು ಕಡತದಲ್ಲಿ ಬರೆಯುವ ಕಣ್ಣಿನ ದೋಷವನ್ನು ನಾನು ಒಪ್ಪಲಾರೆ. ಮರವಿಲ್ಲದ ಕಡೆ ಏನೂ ಇಲ್ಲ ಎಂದುಕೊಳ್ಳುವವರು ಕುರಿ ಹಟ್ಟಿಯಲ್ಲಿ ಒಂದು ದಿನ ಇದ್ದು ಬರಬೇಕು. ಕು ಚಿಯಲ್ಲಿ ಯುದ್ಧ ಮುಗಿದಿದೆ, ಹಾಗಾಗಿ ಸುರಂಗಕ್ಕೆ ಟಿಕೆಟ್ಟಿದೆ, ಗೈಡ್ ಇದ್ದಾನೆ. ಉಳ್ಳಾರ್ತಿಯಲ್ಲಿ ಕೆಲಸ ಇನ್ನೂ ನಡೆಯುತ್ತಿದೆ. ಬೇಲಿಯ ಹತ್ತಿರ ಕ್ಯಾಮೆರಾ ತೆಗೆಯದಿರುವುದು ಕ್ಷೇಮ.

ಅದೇ ದಿನ ಸಂಜೆ ನಾಯಕನಹಟ್ಟಿಗೆ ಹೋಗಬಹುದು. ತಿಪ್ಪೇರುದ್ರಸ್ವಾಮಿಗೆ ಇಲ್ಲಿ ಒಳಮಠ, ಹೊರಮಠ ಎಂದು ಎರಡು ನೆಲೆ. ಪವಾಡದ ಕತೆಗಳು ಬೇಕಾದಷ್ಟಿವೆ, ಆದರೆ ಜನ ಇಂದಿಗೂ ಮೊದಲು ಹೇಳುವುದು ಅವರು ಕಟ್ಟಿಸಿದ ಐದು ಕೆರೆಗಳ ಮಾತನ್ನು. ಫಾಲ್ಗುಣದ ತೇರಿನ ದಿನ ಬಂದರೆ ನಿಲ್ಲಲು ಜಾಗವಿರುವುದಿಲ್ಲ. ತೇರಿನ ಮುಕ್ತಿ ಬಾವುಟ ಲಕ್ಷಾಂತರ ರೂಪಾಯಿಗೆ ಹರಾಜಾಗುತ್ತದೆ, ಭಕ್ತರು ಕೊಬ್ಬರಿ ಸುಡುತ್ತಾರೆ. ಸುತ್ತಲಿನ ಮ್ಯಾಸಬೇಡರ ಹಟ್ಟಿಗಳಲ್ಲಿ ಇನ್ನೊಂದು ಬಗೆಯ ಗುಡಿ ಇದೆ, ಅದು ಮೇಯುತ್ತಾ ತಿರುಗುತ್ತದೆ. ದೇವರ ಎತ್ತುಗಳು ಎನ್ನುತ್ತಾರೆ. ದೇವರಿಗೆ ಬಿಟ್ಟ ಈ ದನಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ. ಕಾಯುವವನಿಗೆ ಕಿಲಾರಿ ಎಂದು ಹೆಸರು, ಹಟ್ಟಿಯಲ್ಲಿ ಅವನಿಗೆ ಪೂಜಾರಿಯಷ್ಟೇ ಮರ್ಯಾದೆ. ಕಾವಲಿಗೆ ಬೇಲಿ ಬಿದ್ದಾಗ ಈ ದನಗಳ ಮೇವೂ ಆಚೆ ಉಳಿಯಿತು. ಇದೇ ತಾಲ್ಲೂಕಿನ ಚನ್ನಮ್ಮನಾಗತಿಹಳ್ಳಿಯ ಕ್ಯಾತೇದೇವರ ಜಾತ್ರೆ ಚಳಿಗಾಲದಲ್ಲಿ ನಡೆಯುತ್ತದೆ. ಕಾಡುಗೊಲ್ಲರು ಬಾರೆಮುಳ್ಳಿನಿಂದ ಗುಡಿ ಕಟ್ಟಿ, ಅದರ ಮೇಲೆ ಬರಿಗಾಲಲ್ಲಿ ಹತ್ತಿ ಕಳಶ ಇಳಿಸುವ ಆಚರಣೆ. ದಿನ ಹೊಂದಿಸಿಕೊಂಡು ಬಂದರೆ ನೋಡಲೇಬೇಕು.

ಎರಡನೇ ದಿನ ಬಳ್ಳಾರಿ ಹೆದ್ದಾರಿ. ದಾರಿಯಲ್ಲಿ ತಳಕು ಸಿಗುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರಾಗಿದ್ದ ಟಿ.ಎಸ್. ವೆಂಕಣ್ಣಯ್ಯ, ‘ದುರ್ಗಾಸ್ತಮಾನ’ ಬರೆದ ತ.ರಾ.ಸು. ಇಬ್ಬರ ಹೆಸರಿನ ಮುಂದಿನ ಅಕ್ಷರವೂ ಈ ಊರಿನದೇ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಅಶೋಕ ಸಿದ್ದಾಪುರ. ಚಿನ್ನಹಗರಿಯ ಕಣಿವೆ, ಗುಂಡುಗಳನ್ನು ಪೇರಿಸಿಟ್ಟಂತೆ ಬೆಟ್ಟ, ಅದರ ಬುಡದಲ್ಲಿ ಹೊಲ.

1892ರಲ್ಲಿ ಮೈಸೂರು ಸಂಸ್ಥಾನದ ಶಾಸನ ಶೋಧಕ ಬಿ.ಎಲ್. ರೈಸ್ ಇಲ್ಲಿ ಒಂದರ ಹಿಂದೊಂದರಂತೆ ಮೂರು ಶಾಸನ ಕಂಡರು: ಬ್ರಹ್ಮಗಿರಿಯದು, ಅದಕ್ಕೆ ಒಂದು ಮೈಲಿ ಪಡುವಣಕ್ಕೆ ಸಿದ್ದಾಪುರದ್ದು, ಇನ್ನೂ ಮುಂದೆ ಜಟಿಂಗ ರಾಮೇಶ್ವರ ಬೆಟ್ಟದ್ದು. ಅಶೋಕನ ಬರಹ ದಕ್ಷಿಣದಲ್ಲಿ ಇಷ್ಟು ಕೆಳಗೆ ಸಿಗಬಹುದೆಂದು ಅದುವರೆಗೆ ಯಾರೂ ಎಣಿಸಿರಲಿಲ್ಲ. ಮೌರ್ಯರ ನಕ್ಷೆಯ ತೆಂಕಣ ಗಡಿಯನ್ನು ವಿದ್ವಾಂಸರು ಮತ್ತೆ ಎಳೆಯಬೇಕಾಯಿತು. ಮಸ್ಕಿ ಸಿಕ್ಕಿದ್ದು 1915ರಲ್ಲಿ. ಕೊಪ್ಪಳ, ನಿಟ್ಟೂರು, ಉಡೇಗೊಳ, ಸನ್ನತಿ ಎಲ್ಲ ಆಮೇಲಿನವು.

ರೈಸ್ ಕಂಡುಹಿಡಿದರು ಎನ್ನುವುದು ವಿದ್ವತ್ತಿನ ಲೆಕ್ಕ. ಊರಿನವರಿಗೆ ಬಂಡೆಗಳು ಗೊತ್ತೇ ಇದ್ದವು, ಮೂರಕ್ಕೂ ಹೆಸರಿತ್ತು. ಬ್ರಹ್ಮಗಿರಿಯದು ಅಕ್ಷರಗುಂಡು. ಅದರ ಮೇಲೆ ಹುಯ್ದ ನೀರನ್ನು ಕಾಯಿಲೆಗೆ ಮದ್ದಾಗಿ ಕೊಡುತ್ತಿದ್ದರು. ಸಿದ್ದಾಪುರದ್ದು ಎಮ್ಮೆ ಕಾಯುವ ತಿಮ್ಮಯ್ಯನ ಹೆಸರಿನ ಗುಂಡುಗಳು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ವರ್ಷದ ಪರಿಷೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದು ಆ ಬಂಡೆಯ ಮೇಲೆಯೇ. ಪಾಪ, ಅಲ್ಲಿಯ ಅಕ್ಷರ ತೀರಾ ಸವೆದಿದೆ. ಸಾಮ್ರಾಟನ ಆಜ್ಞೆಯ ಮೇಲೆ ಬಳೆ ಹರಡಿ ವ್ಯಾಪಾರ ಮಾಡಿದ್ದು ಅಪಚಾರ ಎಂದು ನನಗೆ ಅನಿಸುವುದಿಲ್ಲ. ಎರಡು ಸಾವಿರ ವರ್ಷದ ಮೇಲೆ ಆ ಲಿಪಿ ಓದುವವರು ಯಾರಿದ್ದರು?

ಓದಬಲ್ಲವರು ಓದಿದಾಗ ಸಿಕ್ಕಿದ್ದು ಸರ್ಕಾರಿ ಪತ್ರ. ಸುವರ್ಣಗಿರಿಯಿಂದ ಆರ್ಯಪುತ್ರನೆಂಬ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳ ಮಾತಿನಂತೆ ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ, ಆಮೇಲೆ ದೇವಾನಾಂಪ್ರಿಯನ, ಅಂದರೆ ಅಶೋಕನ, ಆಜ್ಞೆ ತಿಳಿಸುವ ಒಕ್ಕಣೆ. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಬಂದ ಸುತ್ತೋಲೆ ಎನ್ನಿ. ಆ ಇಸಿಲ ಇಲ್ಲೇ, ಬೆಟ್ಟದ ಬುಡದ ಈ ಹೊಲಗಳಲ್ಲೇ ಇತ್ತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಪಾಟಲಿಪುತ್ರಕ್ಕೆ ಇಷ್ಟು ದೂರದ ಒಣನೆಲದಲ್ಲಿ ಏನು ಬೇಕಿತ್ತು? ಚಿನ್ನ ಎನ್ನುವವರು ಹೆಚ್ಚು. ಹಟ್ಟಿಯ ಗಣಿಸೀಮೆ ಬಡಗಣಕ್ಕಿದೆ, ಪ್ರಾಂತದ ರಾಜಧಾನಿಯ ಹೆಸರೂ ಸುವರ್ಣಗಿರಿ.

ಒಳಗಿನ ಮಾತು ಇನ್ನೂ ಸ್ವಾರಸ್ಯದ್ದು. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಮೊದಲ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಚೆನ್ನಾಗಿ ಶ್ರಮಪಟ್ಟೆ ಎಂದು ರಾಜ ಹೇಳಿಕೊಳ್ಳುತ್ತಾನೆ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಇದು ಸಾಧ್ಯ ಎನ್ನುತ್ತಾನೆ. ಕೊನೆಗೆ ಮನೆಮಾತಿನಂಥ ಬುದ್ಧಿವಾದ: ತಾಯಿತಂದೆಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ನುಡಿಯಿರಿ, ಶಿಷ್ಯ ಗುರುವನ್ನು ಗೌರವಿಸಲಿ, ನೆಂಟರೊಡನೆ ಸರಿಯಾಗಿ ನಡೆದುಕೊಳ್ಳಿ. ಇದು ಹಳೆಯ ಕಾಲದಿಂದ ಬಂದ ಪದ್ಧತಿ ಎಂದೂ ಸೇರಿಸುತ್ತಾನೆ.

ಈ ಬರಹದಲ್ಲಿ 256 ಎಂಬ ಸಂಖ್ಯೆಯೊಂದು ಬರುತ್ತದೆ. ಬುದ್ಧ ತೀರಿಕೊಂಡು ಅಷ್ಟು ವರ್ಷವಾಯಿತೇನೋ ಎಂದು ಮೊದಮೊದಲು ವಾದಗಳು ನಡೆದವು. ಬಹುಪಾಲು ವಿದ್ವಾಂಸರು ಈಗ ಒಪ್ಪುವುದು ಬೇರೆ ಅರ್ಥ: ರಾಜ ಅರಮನೆ ಬಿಟ್ಟು 256 ರಾತ್ರಿ ಪ್ರವಾಸದಲ್ಲಿದ್ದಾಗ ಹೊರಡಿಸಿದ ಘೋಷಣೆ. ಹಾಗಾದರೆ ಅಕ್ಷರಗುಂಡಿನ ಮೇಲಿರುವುದು ಭರ್ತಿ ಎಂಟು ತಿಂಗಳು ದಾಟಿದ ಒಂದು ತಿರುಗಾಟದ ನಡುವಿನ ಬರಹ. ಹಿಂದಿನ ರಾಜರು ಬೇಟೆಗೆ, ಮೋಜಿಗೆ ವಿಹಾರಯಾತ್ರೆ ಹೋಗುತ್ತಿದ್ದರು, ತಾನು ಅದನ್ನು ಬಿಟ್ಟು ಧರ್ಮಯಾತ್ರೆ ಹೊರಟೆ, ಹಳ್ಳಿಯ ಜನರನ್ನು ಕಂಡು ಮಾತಾಡಿಸಿದೆ ಎಂದು ಅಶೋಕ ಇನ್ನೊಂದು ಶಾಸನದಲ್ಲಿ ಹೇಳುತ್ತಾನೆ. ಐದು ರಾತ್ರಿ ಆರು ಹಗಲಿನ ಪ್ಯಾಕೇಜಿನವರು ಈ ಎರಡರಲ್ಲಿ ಯಾವ ಪಟ್ಟಿಗೆ ಸೇರುತ್ತಾರೆಂದು ಕೇಳುವುದು ಬೇಡ.

ಶಾಸನ ಬರೆದವನ ಹೆಸರೂ ನಮಗೆ ಗೊತ್ತು: ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದವನು, ತಾನು ಲಿಪಿಕಾರ ಎಂಬ ಪದವೊಂದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಖರೋಷ್ಠಿ ಪೇಶಾವರ, ತಕ್ಷಶಿಲೆ ಕಡೆಯ ಲಿಪಿ. ಇಸಿಲದಲ್ಲಿ ಅದನ್ನು ಓದುವವರು ಬೆರಳೆಣಿಕೆಯಷ್ಟೂ ಇದ್ದಿರಲಾರರು. ತನಗೆ ಇನ್ನೊಂದು ಲಿಪಿಯೂ ಬರುತ್ತದೆಂದು ತೋರಿಸಿಕೊಳ್ಳುವ ಚಪಲವೋ, ಊರಿನ ನೆನಪೋ! ಮೂರು ದಿನದಲ್ಲಿ ನೋಡುವುದಕ್ಕೆಲ್ಲ ಅಂಕ ಹಾಕಿದರೆ ನನ್ನ ಮಟ್ಟಿಗೆ ಈ ಒಂದು ಪದವೇ ಮೊದಲು. ಅದನ್ನು ಹುಡುಕಬೇಕಾದರೆ ಬೆಳಗಿನ ಅಡ್ಡಬಿಸಿಲು ಬೇಕು, ಹೋಗುವ ಮೊದಲು ಶಾಸನದ ಪಡಿಯಚ್ಚಿನ ಚಿತ್ರವೊಂದು ಮೊಬೈಲಿನಲ್ಲಿರಬೇಕು. ಇಲ್ಲವಾದರೆ ಕಾಣುವುದು ಗೀಚಿದ ಬಂಡೆ ಮಾತ್ರ.

ಬ್ರಹ್ಮಗಿರಿಯ ಬುಡವನ್ನು 1940ರಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಭಾರತದ ಪುರಾತತ್ವಕ್ಕೆ ಪದರ ಪದರವಾಗಿ ಅಗೆಯುವ ಶಿಸ್ತು ಕಲಿಸಿದ, ಮೀಸೆ ತಿರುವುವ ಮಿಲಿಟರಿ ಮನುಷ್ಯ. ತಳದಲ್ಲಿ ನಯಗೊಳಿಸಿದ ಕಲ್ಲುಕೊಡಲಿಯ ಜನ, ಅದರ ಮೇಲೆ ಕಬ್ಬಿಣ ಬಳಸಿ ಕಲ್ಗೋರಿ ಕಟ್ಟಿದವರು, ಅದರ ಮೇಲೆ ಶಾತವಾಹನರ ಕಾಲ. ಕಲ್ಲುಕೊಡಲಿಯವರು ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಮಣ್ಣು ಮಾಡುತ್ತಿದ್ದರು. ದನ, ಕುರಿ ಸಾಕಿಕೊಂಡಿದ್ದವರು ಅವರು, ಅಂದರೆ ಈ ಸೀಮೆಯ ಕಸುಬು ಅಶೋಕನಿಗಿಂತ ಬಹಳ ಹಳೆಯದು. ಮೇಲಿನ ಪದರದ ಕಾಲ ನಿರ್ಣಯಿಸಲು ವೀಲರ್ ಹಿಡಿದ ದಾರ ಒಂದು ಮಡಕೆ ಚೂರು. ಒಳಮೈಯಲ್ಲಿ ಚುಕ್ಕೆಸಾಲಿನ ಬಳೆಗಳಿರುವ ಆ ಬಗೆಯ ತಟ್ಟೆ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಸಾಮಾನುಗಳ ಜೊತೆ ಸಿಕ್ಕಿತ್ತು. ಅಲ್ಲಿಯ ಕಾಲ ಗೊತ್ತಿದ್ದರಿಂದ ಇಲ್ಲಿಯದೂ ಬಗೆಹರಿಯಿತು. ಅದೇ ತಟ್ಟೆಯ ಚೂರುಗಳು ಮುಂದೆ ಬಾಲಿ ದ್ವೀಪದ ಸೆಂಬಿರಾನ್‌ನಲ್ಲೂ ಸಿಕ್ಕವು. ಚಂಪಾಕ್ಕೆ ಸಂಸ್ಕೃತವನ್ನೂ ಬ್ರಾಹ್ಮಿಯ ಸಂತಾನದ ಲಿಪಿಯನ್ನೂ ಒಯ್ದ ಕಡಲ ವ್ಯಾಪಾರದ ಬಲೆ ಅದು, ಅದರ ಒಂದು ಎಳೆ ಈ ಒಳನಾಡಿನ ಹೊಲದವರೆಗೆ ಬಂದಿತ್ತು.

ಹೊಲಗಳ ನಡುವೆ ಕಲ್ಲಿನ ಬಳೆಯಂತೆ ವೃತ್ತಗಳು ಕಂಡರೆ ಅವೇ ಕಲ್ಗೋರಿಗಳು. ಮೌರ್ಯರ ಮನೆ ಎಂದೂ ಕರೆಯುತ್ತಾರೆ, ಮೌರ್ಯರಿಗೂ ಅವಕ್ಕೂ ಸಂಬಂಧವಿಲ್ಲದಿದ್ದರೂ. ನೂರಾರು ಇದ್ದವು, ಉಳುಮೆಗೆ, ಕಲ್ಲು ಒಡೆಯುವುದಕ್ಕೆ ಬಹಳಷ್ಟು ಹೋಗಿವೆ.

ಮೂರನೇ ದಿನ ಜಟಿಂಗ ರಾಮೇಶ್ವರ ಹತ್ತಿ. ರಾವಣ ರೆಕ್ಕೆ ಕತ್ತರಿಸಿದ ಜಟಾಯು ಬಿದ್ದದ್ದು ಇಲ್ಲೇ ಎನ್ನುವುದು ಸ್ಥಳಪುರಾಣ. ಮೆಟ್ಟಿಲು ಬಹಳ, ನೀರು ಕಡಿಮೆ, ಎರಡು ಬಾಟಲಿ ಹೊತ್ತೇ ಹೋಗಬೇಕು. ಇಳಿದು ಬಂದು ಮೊಳಕಾಲ್ಮೂರು ಪೇಟೆ. ಇಲ್ಲಿ ಕೂಗಿದ್ದನ್ನು ತಿರುಗಿ ಕೂಗುವ ಬಂಡೆಯೊಂದಿದೆ, ಮಕ್ಕಳಿದ್ದರೆ ತೋರಿಸಿ. ಊರಾಚೆ ನುಂಕೆಮಲೆಯಲ್ಲಿ ನಾಥಪಂಥದ ಭೈರವನ ಗುಡಿ.

ಕೊನೆಯ ಅರ್ಧ ದಿನ ಮಗ್ಗದ ಮನೆಗಳಿಗೆ ಮೀಸಲಿಡಿ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮೈಗೊಂದು ಬಣ್ಣ, ಅಂಚಿಗೆ ಅದಕ್ಕೆ ತೀರಾ ಎದುರಾದ ಇನ್ನೊಂದು ಬಣ್ಣ ಇದರ ಹೆಚ್ಚುಗಾರಿಕೆ. ಒಂದೇ ಲಾಳಿ ಆ ತುದಿಯಿಂದ ಈ ತುದಿಗೆ ಓಡಿದರೆ ಬಣ್ಣಗಳು ಬೆರೆಯುತ್ತವೆ, ಅದಕ್ಕೆ ಎರಡು ಅಂಚಿಗೆ ಎರಡು ಲಾಳಿ, ನಡುವಿನ ಮೈಗೆ ಮೂರನೆಯದು. ಪ್ರತಿ ಎಳೆಯಲ್ಲೂ ಅಂಚಿನ ನೂಲು ಮೈಯ ನೂಲಿಗೆ ಕೊಂಡಿ ಹಾಕಿಕೊಂಡು ವಾಪಸಾಗಬೇಕು. ಒಬ್ಬರಿಗೆ ಆಗುವ ಕೆಲಸವಲ್ಲ, ಪಕ್ಕದಲ್ಲಿ ಇನ್ನೊಬ್ಬರು ಕೂತು ಅಂಚಿನ ಲಾಳಿ ತಳ್ಳಿಕೊಡುತ್ತಾರೆ. ಹಣ್ಣು, ಹೂವು, ಹಕ್ಕಿ, ಪ್ರಾಣಿಗಳ ಬುಟ್ಟಾ ಅದರ ಮೇಲೆ. ಕೊಳ್ಳುವ ಮನಸ್ಸಿದ್ದರೆ ಸೀರೆಯನ್ನು ಮಗುಚಿ, ಅಂಚು ಮೈಗೆ ಸೇರುವ ಗೆರೆಯನ್ನು ಹಿಂಬದಿಯಲ್ಲಿ ನೋಡಿ. ಎರಡು ಬಣ್ಣಗಳಲ್ಲಿ ಒಂದು ಇನ್ನೊಂದರ ಗೆರೆ ದಾಟದೆ, ಕೊಂಡಿ ಬಿಗಿಯಾಗಿ ಕೂತಿದ್ದರೆ ಮೂರು ಲಾಳಿಯ ಕೆಲಸ. ಚೌಕಾಸಿಗೆ ಇಳಿಯುವ ಮೊದಲು ಆ ಎರಡನೆಯ ಜೋಡಿ ಕೈಯ ಕೂಲಿಯನ್ನೂ ಲೆಕ್ಕ ಹಿಡಿಯಿರಿ.